ಭತ್ತ ಮಾರದ ಊರು



ಕಣಜ ತುಂಬ ಭತ್ತ ಇದೆ, ಆದರೆ ಒಂದು ಸೇರು ಕೂಡ ಮಾರೋ ಹಾಗಿಲ್ಲ ಅಂದರೆ ನೀವು ನಂಬುತ್ತೀರಾ? ಇಂಡೋನೇಷ್ಯಾ ದೇಶದಲ್ಲಿ ಚಿಪ್ತಗೆಲಾರ್ ಎಂಬ ಹಳ್ಳಿ ಇದೆ. ಅಲ್ಲಿ ಭತ್ತ ಮಾರಬಾರದು, ಅಕ್ಕಿ ಮಾರಬಾರದು, ಅಕ್ಕಿಹಿಟ್ಟೂ ಮಾರಬಾರದು. ಹಾಗಂತ ಆ ಊರೇನೂ ಉಪವಾಸ ಬಿದ್ದಿಲ್ಲ. ಅಲ್ಲಿ ಸಾಲು ಸಾಲಾಗಿ ಕಣಜಗಳು ನಿಂತಿವೆ. ಹಾಗಾದರೆ ಯಾಕೆ ಮಾರಲ್ಲ? ಅದರಿಂದ ಅವರಿಗೇನು ಲಾಭ? ಅವರಿಗೆ ಇರುವ ಚಿಂತೆ ಯಾವುದು? ಇದನ್ನು ತಿಳಿಸುವುದೇ ಈ ಲೇಖನ.

ಊರು ಎಲ್ಲಿದೆ?

ಇಂಡೋನೇಷ್ಯಾ ಸಾವಿರಾರು ದ್ವೀಪಗಳ ದೇಶ. ಅದರಲ್ಲಿ ಜಾವಾ ಎಂಬ ದ್ವೀಪದಲ್ಲಿ ಜನಸಂಖ್ಯೆ ಬಹಳ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಅಲ್ಲೇ ಇದ್ದಾರೆ. ಜಾವಾದ ಪಶ್ಚಿಮ ಭಾಗದಲ್ಲಿ ಸುಂದಾ ಭಾಷೆ ಆಡುವವರು ವಾಸಿಸುತ್ತಾರೆ. ಅಲ್ಲಿ ಸುಕಬೂಮಿ ಎಂಬ ಜಿಲ್ಲೆ ಇದೆ. ಆ ಜಿಲ್ಲೆಯ ಹಲಿಮುನ್ ಬೆಟ್ಟದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿ ಚಿಪ್ತಗೆಲಾರ್ ಇದೆ. ಹಲಿಮುನ್ ಅಂದರೆ ಅವರ ಭಾಷೆಯಲ್ಲಿ ಮಂಜು ಅಂತ ಅರ್ಥ. ಹೆಸರಿಗೆ ತಕ್ಕ ಹಾಗೆ ಬೆಟ್ಟಕ್ಕೆ ಮಂಜು ಕವಿದಿರುತ್ತದೆ.

ಹಿರಿಯರ ಪದ್ಧತಿಯನ್ನು ನಡೆಸಿಕೊಂಡು ಬಂದ ಇಂಥ ಸಮುದಾಯಕ್ಕೆ ಅಲ್ಲಿ ಕಸೆಪುಹಾನ್ ಅಂತಾರೆ. ತಮ್ಮ ಪರಂಪರೆ 1368ರಿಂದ ನಡೆದು ಬಂದಿದೆ ಎಂದು ಚಿಪ್ತಗೆಲಾರಿನವರು ಲೆಕ್ಕ ಹೇಳುತ್ತಾರೆ. ಊರಿನ ಮುಖ್ಯಸ್ಥರನ್ನು ‘ಅಬಾ’ ಎಂದು ಕರೆಯುತ್ತಾರೆ. ಅಬಾ ಅಂದರೆ ಅಪ್ಪ. ಹಿರಿಯರಿಂದ ಅಪ್ಪಣೆ ಆಯಿತು ಅಂದರೆ ಅಬಾ ತಮ್ಮ ಮನೆಯನ್ನೇ ಬೇರೆ ಜಾಗಕ್ಕೆ ಸಾಗಿಸುತ್ತಾರೆ. ಅವರು ಹೋದಲ್ಲಿ ಸಮುದಾಯದ ಕೇಂದ್ರ. ಈಗಿನ ಜಾಗಕ್ಕೆ ಅವರು ಬಂದದ್ದು 2001ರಲ್ಲಿ.

ಮನೆಗಳು ಮರದ್ದು, ಗೋಡೆ ಬಿದಿರಿನ ತಟ್ಟಿ. ನೆಲದಿಂದ ಸ್ವಲ್ಪ ಮೇಲೆ ಕಟ್ಟಿರುತ್ತಾರೆ. ತಾಳೆ ಜಾತಿಯ ಒಂದು ಮರದ ಕಾಂಡದಿಂದ ಕೂದಲಿನಂಥ ಕಪ್ಪು ನಾರು ಬರುತ್ತೆ, ಅದನ್ನು ಚಾವಣಿಗೆ ಹೊದಿಸುತ್ತಾರೆ. ಹೆಂಚು ಹಾಕುವುದಿಲ್ಲ. ಯಾಕೆ ಗೊತ್ತೇ? ಹೆಂಚು ಮಣ್ಣಿನದು. ಮಣ್ಣಿನ ಕೆಳಗೆ ಇರಬೇಕಾದವರು ಸತ್ತವರು, ಬದುಕಿರೋರಲ್ಲ ಅಂತಾರೆ ಅವರು!

ವರ್ಷಕ್ಕೆ ಒಂದೇ ಬೆಳೆ

ಇಲ್ಲಿ ಎರಡು ಥರ ಭತ್ತದ ಬೇಸಾಯ ಇದೆ. ಬೆಟ್ಟದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ನೀರಿನ ಗದ್ದೆಗೆ ‘ಸಾವಾ’ ಅಂತಾರೆ. ಮಳೆ ನಂಬಿದ ಒಣ ಹೊಲಕ್ಕೆ ‘ಹುಮಾ’ ಅಂತಾರೆ. ಹುಮಾದಲ್ಲಿ ಗಂಡಸರು ಚೂಪು ಕೋಲಿನಿಂದ ಗುಣಿ ಚುಚ್ಚುತ್ತಾ ಮುಂದೆ ಹೋಗುತ್ತಾರೆ. ಹೆಂಗಸರು ಹಿಂದಿನಿಂದ ಗುಣಿಗೆ ಬೀಜ ಹಾಕುತ್ತಾ ಬರುತ್ತಾರೆ. ಎರಡರಲ್ಲೂ ವರ್ಷಕ್ಕೆ ಒಂದೇ ಸಲ ಭತ್ತ.

ನೀರು ಇದ್ದರೂ ಎರಡನೇ ಬೆಳೆ ಯಾಕೆ ಬೇಡ? ಹೆಣ್ಣು ವರ್ಷಕ್ಕೆ ಎರಡು ಸಲ ಹೆರುವುದಿಲ್ಲ, ಭೂಮಿ ತಾಯಿಯೂ ಹಾಗೆ ಎಂಬುದು ಅವರ ನಂಬಿಕೆ. ಇದರಲ್ಲಿ ನಂಬಿಕೆ ಮಾತ್ರ ಅಲ್ಲ, ಒಂದು ವಿಜ್ಞಾನವೂ ಅಡಗಿದೆ.

1970ರ ದಶಕದಲ್ಲಿ ಇಂಡೋನೇಷ್ಯಾಕ್ಕೆ ಹಸಿರು ಕ್ರಾಂತಿ ಬಂತು. ಗಿಡ್ಡ ತಳಿ, ಗೊಬ್ಬರ, ಔಷಧಿ ಬಂದವು. ಜಾವಾದ ಎಷ್ಟೋ ರೈತರು ವರ್ಷಕ್ಕೆ ಎರಡು ಮೂರು ಬೆಳೆ ತೆಗೆದರು. ಇಳುವರಿ ಜಾಸ್ತಿ ಆಯ್ತು. 1984ರಲ್ಲಿ ದೇಶ ಅಕ್ಕಿಯಲ್ಲಿ ಸ್ವಾವಲಂಬಿ ಆಯಿತು. ಇದು ಸಣ್ಣ ಸಾಧನೆ ಅಲ್ಲ. ಆದರೆ ವರ್ಷಪೂರ್ತಿ ಗದ್ದೆಯಲ್ಲಿ ಹಸಿರು ಇದ್ದಿದ್ದರಿಂದ ಕಂದು ಜಿಗಿಹುಳುವಿಗೆ ವರ್ಷಪೂರ್ತಿ ಊಟ ಸಿಕ್ಕಿತು! ಔಷಧಿ ಹೊಡೆದಷ್ಟೂ ಹುಳು ತಿನ್ನುವ ಜೇಡ ಮುಂತಾದವೇ ಸತ್ತವು, ಹುಳು ಉಳೀತು. ಕೊನೆಗೆ 1986ರಲ್ಲಿ ಸರ್ಕಾರ ಭತ್ತಕ್ಕೆ ಹೊಡೆಯುತ್ತಿದ್ದ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಬೇಕಾಯಿತು.

ಚಿಪ್ತಗೆಲಾರಿನಲ್ಲಿ ಎಲ್ಲರೂ ಒಂದೇ ಕಾಲಕ್ಕೆ ನಾಟಿ ಮಾಡಿ, ಒಂದೇ ಕಾಲಕ್ಕೆ ಕೊಯ್ಯುತ್ತಾರೆ. ಆಮೇಲೆ ಗದ್ದೆಗೆ ವಿಶ್ರಾಂತಿ. ಆಗ ಹುಳುವಿಗೆ ತಿನ್ನಲು ಏನೂ ಸಿಗಲ್ಲ, ಅದರ ವಂಶವೇ ಮುರಿದುಬೀಳುತ್ತೆ. ಅಲ್ಲದೆ ಅವರ ಹತ್ತಿರ ನೂರಕ್ಕೂ ಹೆಚ್ಚು ನಾಟಿ ತಳಿಗಳಿವೆ. ಒಂದು ತಳಿಗೆ ರೋಗ ಬಂದರೆ ಇನ್ನೊಂದು ಕೈಹಿಡಿಯುತ್ತದೆ.

ನಕ್ಷತ್ರವೇ ಪಂಚಾಂಗ

ಬೇಸಾಯ ಯಾವಾಗ ಶುರು ಮಾಡಬೇಕು? ಇದಕ್ಕೆ ಅವರು ಆಕಾಶ ನೋಡುತ್ತಾರೆ. ‘ಕೆರ್ತಿ’ ಎಂಬ ನಕ್ಷತ್ರಗಳ ಗುಂಪು ಕೆಲವು ವಾರ ಸೂರ್ಯನ ಬೆಳಕಿನಲ್ಲಿ ಮರೆಯಾಗಿ, ಮತ್ತೆ ಬೆಳಗಿನ ಜಾವ ಪೂರ್ವದಲ್ಲಿ ಕಂಡಾಗ ಗುದ್ದಲಿ, ಕತ್ತಿ ಎಲ್ಲ ಹೊರಗೆ ತೆಗೆದು ಸಿದ್ಧ ಮಾಡುತ್ತಾರೆ. ಆಮೇಲೆ ‘ಕಿದಂಗ್’ ಕಾಣಿಸಿದಾಗ ಹೊಲಕ್ಕೆ ಇಳಿಯುತ್ತಾರೆ. ಅದೇ ಕಿದಂಗ್ ಸಂಜೆ ಹೊತ್ತು ಪಶ್ಚಿಮದಲ್ಲಿ ಮುಳುಗಿ ಮರೆಯಾಗುವ ಕಾಲಕ್ಕೆ ಭತ್ತದ ಹಾಲುಗಾಳನ್ನು ಹೀರುವ ಗಬ್ಬು ವಾಸನೆಯ ತಿಗಣೆ ಬರುತ್ತೆ. ಅಷ್ಟರೊಳಗೆ ಕಾಳು ಬಲಿತಿರಬೇಕು. ಆದ್ದರಿಂದ ತಡ ಮಾಡೋ ಹಾಗಿಲ್ಲ.

ಇಲ್ಲಿ ಒಂದು ಸ್ವಾರಸ್ಯ ನೋಡಿ. ಕೆರ್ತಿ ಅಂದರೆ ನಾವು ಹೇಳುವ ಕೃತ್ತಿಕೆ! ಕಿದಂಗ್ ಅಂದರೆ ಜಿಂಕೆ. ನಾವು ಮೃಗಶಿರ ಅನ್ನುವುದೂ ಆಕಾಶದ ಅದೇ ಕಡೆ. ಮೃಗಶಿರ ಅಂದರೂ ಜಿಂಕೆಯ ತಲೆ ಅಂತಲೇ ಅರ್ಥ.

ಬೆರಳಿನ ನಡುವಿನ ಕತ್ತಿ

ಕೊಯ್ಲಿಗೆ ಅವರು ಕುಡುಗೋಲು ಬಳಸುವುದಿಲ್ಲ. ‘ಎತೆಮ್’ ಎಂಬ ಅಂಗೈಯಷ್ಟು ಪುಟ್ಟ ಸಾಧನ ಇದೆ. ಚಿಕ್ಕ ಹಲಗೆಗೆ ಒಂದು ಅಲಗು, ಹಿಡಿಯಲು ಅಡ್ಡ ಬಿದಿರ ಕಡ್ಡಿ, ಅಷ್ಟೇ. ಅದನ್ನು ಬೆರಳ ಸಂದಿಯಲ್ಲಿ ಇಟ್ಟುಕೊಂಡು ಒಂದೊಂದೇ ತೆನೆ ಕೊಯ್ಯುತ್ತಾರೆ. ಭತ್ತ ಅಂದರೆ ‘ಪೊಹಾಚಿ’ ಎಂಬ ತಾಯಿ, ಜಾವಾದ ಬೇರೆ ಕಡೆ ಅವಳೇ ದೇವಿ ಶ್ರೀ. ದೊಡ್ಡ ಕತ್ತಿ ಕಂಡರೆ ಅವಳು ಹೆದರುತ್ತಾಳಂತೆ. ಊರಿನವರು ಮುಸ್ಲಿಮರು. ಆದರೂ ಭತ್ತದ ತಾಯಿಗೆ ಕೊಡುವ ಗೌರವ ಬಿಟ್ಟಿಲ್ಲ. ‘ಶ್ರೀ’ ಎಂಬ ಹೆಸರು ಬಹಳ ಹಿಂದೆ ಭಾರತದ ಕಡೆಯಿಂದ ಹೋದದ್ದು.

ಇದರಲ್ಲೂ ಉಪಯೋಗ ಇದೆ. ನಾಟಿ ತಳಿಗಳ ತೆನೆ ಎಲ್ಲ ಒಂದೇ ದಿನ ಹಣ್ಣಾಗಲ್ಲ. ಒಂದೊಂದೇ ಕೊಯ್ದರೆ ಬಲಿತದ್ದು ಮಾತ್ರ ಬರುತ್ತೆ. ಬೀಜಕ್ಕೆ ಒಳ್ಳೆಯ ತೆನೆ ಆರಿಸಬಹುದು. ಕೊಯ್ಯಲು ತುಂಬ ಕೈ ಬೇಕು, ಹಾಗಾಗಿ ಎಲ್ಲರಿಗೂ ಕೆಲಸ, ಎಲ್ಲರಿಗೂ ಪಾಲು.

ಕೊಯ್ದ ತೆನೆಗಳನ್ನು ಕಂತೆ ಕಟ್ಟಿ ಬಿದಿರಿನ ಗಳುಗಳ ಮೇಲೆ ನೇತುಹಾಕಿ ಒಣಗಿಸುತ್ತಾರೆ. ಒಣಗಿದ ಮೇಲೆ ಬಡಿಯದೆ, ತೆನೆ ಸಮೇತ ಕಣಜಕ್ಕೆ ಏರಿಸುತ್ತಾರೆ.

ಲೆವಿತ್ ಎಂಬ ಕಣಜ

ಕಣಜಕ್ಕೆ ಅವರು ‘ಲೆವಿತ್’ ಅಂತಾರೆ. ನಾಲ್ಕು ಕಾಲಿನ ಮೇಲೆ ನಿಂತ ಪುಟ್ಟ ಮನೆಯ ಹಾಗೆ ಇರುತ್ತೆ. ಕಾಲುಗಳು ಕಲ್ಲಿನ ಮೇಲೆ, ಆದ್ದರಿಂದ ನೆಲದ ಶೀತ ತಾಗಲ್ಲ. ಬಿದಿರಿನ ಗೋಡೆ, ಮೇಲೆ ಅದೇ ಕಪ್ಪು ನಾರಿನ ಚಾವಣಿ. ಸಿಪ್ಪೆ ಸಮೇತ, ತೆನೆ ಸಮೇತ ಇಟ್ಟ ಭತ್ತ ವರ್ಷಗಟ್ಟಲೆ ಕೆಡುವುದಿಲ್ಲ. ಕಣಜಗಳನ್ನು ಮನೆಗಳಿಂದ ಸ್ವಲ್ಪ ದೂರ ಕಟ್ಟುತ್ತಾರೆ. ಒಲೆಯಿಂದ ಬೆಂಕಿ ಬಿದ್ದರೆ ಮನೆ ಹೋಗಬಹುದು, ಊಟ ಹೋಗಬಾರದು ನೋಡಿ!

ಮನೆಯವರ ಕಣಜ ಅಲ್ಲದೆ ಊರಿಗೆಲ್ಲ ಸೇರಿದ ಒಂದು ದೊಡ್ಡ ಕಣಜ ಇದೆ. ಅದರ ಹೆಸರು ‘ಸಿ ಜಿಮತ್’. ಸುಗ್ಗಿ ಮುಗಿದ ಮೇಲೆ ‘ಸೆರೆನ್ ತಾಉನ್’ ಎಂಬ ದೊಡ್ಡ ಹಬ್ಬ ಆಗುತ್ತೆ. ಆಗ ಭತ್ತದ ಕಂತೆಗಳನ್ನು ಮೆರವಣಿಗೆಯಲ್ಲಿ ಹೊತ್ತು ತಂದು ಅದರಲ್ಲಿ ಇಡುತ್ತಾರೆ. ಯಾರ ಮನೆಯಲ್ಲಾದರೂ ಭತ್ತ ಮುಗಿದರೆ ಇಲ್ಲಿಂದ ಸಾಲ ತರಬಹುದು. ಮುಂದಿನ ಸುಗ್ಗಿಗೆ ಭತ್ತವನ್ನೇ ವಾಪಸ್ ಕೊಟ್ಟರಾಯಿತು. ದುಡ್ಡಿನ ಮಾತೇ ಇಲ್ಲ.

ಹಾಗಾದರೆ ಉಪ್ಪು, ಬಟ್ಟೆ, ಪೆನ್ನು, ಪುಸ್ತಕಕ್ಕೆ ದುಡ್ಡು ಎಲ್ಲಿಂದ? ಭತ್ತ ಬಿಟ್ಟು ಬೇರೆಯದನ್ನು ಮಾರುತ್ತಾರೆ. ಚಾವಣಿಗೆ ನಾರು ಕೊಡುವ ಮರದ ರಸದಿಂದಲೇ ಬೆಲ್ಲ ಕಾಯಿಸುತ್ತಾರೆ, ತರಕಾರಿ ಬೆಳೆಯುತ್ತಾರೆ. ಮೊದಲು ಕಣಜ, ಆಮೇಲೆ ಸಂತೆ. ಇದೇ ಅವರ ಗುಟ್ಟು. ಅಕ್ಕಿ ಅಂದರೆ ಜೀವ, ಜೀವವನ್ನು ಯಾರಾದರೂ ಮಾರುತ್ತಾರಾ ಎಂದು ಅವರು ಕೇಳುತ್ತಾರೆ. ಪೇಟೆಯಲ್ಲಿ ಅಕ್ಕಿ ರೇಟು ಏರಲಿ, ಇಳಿಯಲಿ, ಅವರ ಒಲೆ ಮೇಲಿನ ಅನ್ನಕ್ಕೆ ಸಂಬಂಧ ಇಲ್ಲ.

ಹೊಸತು ಬೇಡವೇ ಬೇಡ ಅಂತಲ್ಲ

ಹಳೇ ಕಾಲದಲ್ಲೇ ಕೂತಿದ್ದಾರೆ ಎಂದು ತಿಳಿಯಬೇಡಿ. ತೊರೆಯ ನೀರಿನಿಂದ ಸಣ್ಣ ಟರ್ಬೈನ್ ತಿರುಗಿಸಿ ತಾವೇ ಕರೆಂಟು ಮಾಡಿಕೊಂಡಿದ್ದಾರೆ. 2008ರಲ್ಲಿ ಊರಿನದೇ ಟಿ.ವಿ. ಕೇಂದ್ರ ಶುರು ಮಾಡಿದರು. ಅದರ ಹೆಸರು ‘ಚಿಗಾ ಟಿ.ವಿ.’. ಊರಿನ ಬೇಸಾಯ, ಹಬ್ಬ ಎಲ್ಲ ಅದರಲ್ಲಿ ಬರುತ್ತೆ. 2007ರಲ್ಲಿ ಮುಖ್ಯಸ್ಥರಾದ ಅಬಾ ಉಗಿ ಅವರಿಗೆ ಎಲೆಕ್ಟ್ರಾನಿಕ್ಸ್ ಅಂದರೆ ಬಹಳ ಆಸಕ್ತಿ. ಆದರೆ ಭತ್ತದ ಹತ್ತಿರ ಮಾತ್ರ ಯಂತ್ರ ಬರಕೂಡದು. ಮಿಲ್ಲಿಗೆ ಹಾಕಲ್ಲ. ದೋಣಿಯಂಥ ಉದ್ದ ಮರದ ಒರಳಿನಲ್ಲಿ ಹೆಂಗಸರು ಸಾಲಾಗಿ ನಿಂತು ಒನಕೆಯಿಂದ ಕುಟ್ಟುತ್ತಾರೆ.

ಇದರಲ್ಲಿ ಕಷ್ಟ ಇಲ್ಲವೇ? ಇದೆ. ಕುಟ್ಟುವವರ ತೋಳಿಗೆ ಗೊತ್ತು ಅದು ಎಷ್ಟು ಕಷ್ಟ ಅಂತ. ಒಂದೊಂದೇ ತೆನೆ ಕೊಯ್ದರೆ ಸೊಂಟ ನೋಯುತ್ತೆ. ಒಂದೇ ಬೆಳೆ ಆದ್ದರಿಂದ ಕೈಗೆ ದುಡ್ಡು ಕಡಿಮೆ. ಎಲ್ಲ ಊರಿನವರೂ ಭತ್ತ ಮಾರದೆ ಕೂತರೆ ಪೇಟೆಯವರು ಏನು ಉಣ್ಣಬೇಕು ಎಂಬ ಪ್ರಶ್ನೆಯೂ ಬರುತ್ತೆ. ಆದ್ದರಿಂದ ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಬೆಳೆದವನ ಮನೆಯಲ್ಲಿ ಮೊದಲು ಅನ್ನ ಇರಬೇಕು ಎಂಬ ಅವರ ಮಾತು ನನಗೆ ಸರಿ ಅನ್ನಿಸುತ್ತೆ.

ನೆಲ ಯಾರದು?

ಈಗ ಅವರ ಚಿಂತೆಯ ವಿಷಯಕ್ಕೆ ಬರೋಣ. ಗದ್ದೆಗೆ ನೀರು ಬರೋದು ಕಾಡಿನಿಂದ. ಅದಕ್ಕೇ ಅವರು ಕಾಡನ್ನು ಮೂರು ಭಾಗ ಮಾಡಿಕೊಂಡಿದ್ದಾರೆ. ಒಂದು, ಹಿರಿಯರು ಒಪ್ಪಿಸಿಹೋದ ಕಾಡು, ಅಪ್ಪಣೆ ಇಲ್ಲದೆ ಅದನ್ನು ಮುಟ್ಟಬಾರದು. ಎರಡು, ನೀರಿನ ಸೆಲೆ ಕಾಯುವ ಮುಚ್ಚಿದ ಕಾಡು. ಮೂರು, ಗದ್ದೆ, ಹೊಲ, ತೋಟ ಮಾಡಬಹುದಾದ ಕಾಡು. ಮೊದಲಿನ ಎರಡು ಉಳಿದರೆ ಮಾತ್ರ ಮೂರನೆಯದಕ್ಕೆ ನೀರು.

ಆದರೆ ಸರ್ಕಾರದ ಕಾಗದದಲ್ಲಿ ಇರುವುದೇ ಬೇರೆ. 1870ರಲ್ಲಿ ಜಾವಾ ಡಚ್ಚರ ಕೈಯಲ್ಲಿತ್ತು. ಇದು ನಮ್ಮದು ಎಂದು ಯಾರೂ ರುಜುವಾತು ಮಾಡದ ಭೂಮಿ ಎಲ್ಲ ಸರ್ಕಾರದ್ದು ಅಂತ ಅವರು ಕಾನೂನು ಮಾಡಿದರು. ತಲೆತಲಾಂತರದಿಂದ ಬೇಸಾಯ ಮಾಡಿದವರ ಹತ್ತಿರ ಪಹಣಿಯಂಥ ಕಾಗದ ಎಲ್ಲಿಂದ ಬರಬೇಕು? ದೇಶ 1945ರಲ್ಲಿ ಸ್ವಾತಂತ್ರ್ಯ ಸಾರಿತು. ಕಾಡು ಮಾತ್ರ ಸರ್ಕಾರದ ಲೆಕ್ಕದಲ್ಲೇ ಉಳಿಯಿತು. 1992ರಲ್ಲಿ ಹಲಿಮುನ್ ಬೆಟ್ಟದ ಸುಮಾರು 40,000 ಹೆಕ್ಟೇರ್ ರಾಷ್ಟ್ರೀಯ ಉದ್ಯಾನ ಆಯಿತು. 2003ರಲ್ಲಿ ಅದನ್ನು 1,13,357 ಹೆಕ್ಟೇರಿಗೆ ಹಿಗ್ಗಿಸಿದರು. ನಕ್ಷೆಯಲ್ಲಿ ಗೆರೆ ಎಳೆದಾಗ ಎಷ್ಟೋ ಹಳ್ಳಿಗಳು, ಗದ್ದೆಗಳು, ಕಣಜಗಳು ಅದರ ಒಳಗೇ ಸೇರಿಹೋದವು.

ಉದ್ಯಾನ ಬೇಡ ಅನ್ನೋಕೂ ಆಗಲ್ಲ. ಜಾವಾದಲ್ಲಿ ಮಾತ್ರ ಇರುವ ಗಿಬ್ಬನ್, ಗಿಡುಗ ಆ ಕಾಡಿನಲ್ಲಿ ಇವೆ. ಆದರೆ ಕಾಡನ್ನು ಇಷ್ಟು ವರ್ಷ ಉಳಿಸಿದವರಲ್ಲಿ ಆ ಊರುಗಳವರೂ ಇದ್ದಾರಲ್ಲವೇ?

2013ರ ಮೇ 16ರಂದು ಇಂಡೋನೇಷ್ಯಾದ ಸಂವಿಧಾನ ನ್ಯಾಯಾಲಯ ಒಂದು ದೊಡ್ಡ ತೀರ್ಪು ಕೊಟ್ಟಿತು. ಪರಂಪರೆಯ ಸಮುದಾಯಗಳ ಕಾಡು ಸರ್ಕಾರದ ಕಾಡು ಅಲ್ಲ ಎಂದಿತು. 2016ರ ಡಿಸೆಂಬರ್ 30ರಂದು ಆಗಿನ ಅಧ್ಯಕ್ಷ ಜೋಕೊ ವಿಡೋಡೊ ಒಂಬತ್ತು ಸಮುದಾಯಗಳಿಗೆ ಅವರವರ ಕಾಡಿನ ಹಕ್ಕುಪತ್ರ ಕೊಟ್ಟರು. ಅದರಲ್ಲಿ ಇದೇ ಬೆಟ್ಟ ಸೀಮೆಯ ಕಸೆಪುಹಾನ್ ಕರಾಂಗ್ ಎಂಬ ಊರೂ ಇತ್ತು. ಆದರೆ ತೀರ್ಪು ಬಂದ ಮಾತ್ರಕ್ಕೆ ಎಲ್ಲರಿಗೂ ಹಕ್ಕು ತಾನಾಗಿ ಬರುವುದಿಲ್ಲ. ಒಂದೊಂದು ಸಮುದಾಯವೂ ತನ್ನ ಗಡಿಯ ನಕ್ಷೆ ಬರೆದು, ತನ್ನ ಪದ್ಧತಿ ತೋರಿಸಿ, ಕಚೇರಿ ಕಚೇರಿಗಳಲ್ಲಿ ಒಪ್ಪಿಗೆ ಪಡೆಯಬೇಕು.

ಯೋಚಿಸಿ ನೋಡಿ

ಕಣಜದ ಬಾಗಿಲಿಗೆ ಬೀಗ ಹಾಕಬಹುದು. ಆದರೆ ಕಣಜ ತುಂಬಬೇಕಾದರೆ ಗದ್ದೆ ಬೇಕು, ಗದ್ದೆಗೆ ನೀರು ಬೇಕು, ನೀರಿಗೆ ಕಾಡು ಬೇಕು. ಇದರಲ್ಲಿ ಯಾವುದು ಕೈಬಿಟ್ಟರೂ ಭತ್ತ ಮಾರದ ಊರಿನವರು ಅಕ್ಕಿ ಕೊಳ್ಳುವ ಊರಿನವರು ಆಗಿಬಿಡುತ್ತಾರೆ. ಅದು ಆಗಬಾರದು ಎಂದೇ ಅವರು ಹಳೇ ಪದ್ಧತಿಯನ್ನೂ ಹಿಡಿದಿದ್ದಾರೆ, ಹೊಸ ಟಿ.ವಿ.ಯನ್ನೂ ಹಿಡಿದಿದ್ದಾರೆ.

ಗೆಳೆಯರೇ, ಇವತ್ತು ಊಟಕ್ಕೆ ಕೂತಾಗ ತಟ್ಟೆಯ ಅನ್ನ ಯಾವ ಗದ್ದೆಯದು, ಯಾವ ತಳಿಯದು ಅಂತ ಮನೆಯಲ್ಲಿ ಕೇಳಿ. ಅಜ್ಜ ಅಜ್ಜಿ ಇದ್ದರೆ ಅವರ ಕಾಲದ ಭತ್ತದ ತಳಿಗಳ ಹೆಸರು ಕೇಳಿ ಬರೆದುಕೊಂಡು ಬನ್ನಿ. ಈ ಲೇಖನದ ಕೆಳಗೆ ಜಾಗ ಬಿಟ್ಟಿದ್ದೇನೆ. ಪೆನ್ಸಿಲಿನಲ್ಲಿ ಎಲ್ಲರೂ ಅಲ್ಲಿ ಬರೆಯಿರಿ.

– ಏಳನೇ ತರಗತಿ