ಕೋಡಿ ಪಟ್ಟಣದಲ್ಲಿ ನೋಡತಕ್ಕದ್ದೇನು?

ಕೋಡಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ವಾಚಕರಿಗೆ ತುಂಬಿ ಹರಿಯುವ ಕೆರೆಯ ಕೋಡಿ ನೆನಪಾಗುವುದು ಸಹಜವಾಗಿದೆ. ನಾವು ಇಂದು ಹೇಳಹೊರಟಿರುವ ಕೋಡಿಯಾದರೋ ಅಮೆರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿ, ವಯೋಮಿಂಗ್ ಪ್ರಾಂತದಲ್ಲಿ, ಸಮುದ್ರಮಟ್ಟಕ್ಕೆ ಸುಮಾರು ೫,೦೦೦ ಅಡಿಗಳ ಎತ್ತರದಲ್ಲಿರುವ ಒಂದು ಸಣ್ಣ ಪಟ್ಟಣ. ಅದರ ಜನಸಂಖ್ಯೆ ಸುಮಾರು ೧೦,೦೦೦. ನಮ್ಮ ಅನೇಕ ತಾಲ್ಲೂಕು ಕಸಬೆಗಳು ಇದಕ್ಕಿಂತ ದೊಡ್ಡವು. ಆದರೂ ದೂರದೇಶಗಳಿಂದ ಯಾತ್ರಿಕರು ಅಲ್ಲಿಗೆ ಬರುವರು. ತನ್ನನ್ನು ಪರರಿಗೆ ತೋರಿಸುವುದೇ ಆ ಊರಿನ ಮುಖ್ಯ ಕಸಬುಗಳಲ್ಲೊಂದು. ಇಂಥ ಊರು ಏನನ್ನು ತೋರಿಸತಕ್ಕದ್ದು, ನೋಡಲು ಬಂದವರು ಏನನ್ನು ನೋಡದೆ ಹಿಂದಿರುಗಬಾರದು ಎಂಬುದು ವಿಚಾರಾರ್ಹವಾದ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ.

ಮೊದಲನೆಯ ನೋಟವು ರೋಡಿಯೋ. ದನಗಳನ್ನು ಸುತ್ತುಗಟ್ಟಿ ಕೂಡಿಹಾಕುವುದೆಂಬ ಅರ್ಥವುಳ್ಳ ಸ್ಪ್ಯಾನಿಷ್ ಶಬ್ದದಿಂದ ಈ ಹೆಸರು ಬಂದಿದೆ. ವಿಶಾಲವಾದ ಹುಲ್ಲುಗಾವಲುಗಳಲ್ಲಿ ಕುದುರೆಯೇರಿ ದನ ಕಾಯುತ್ತಿದ್ದವರ ಕೆಲಸವೇ ಕಾಲಕ್ರಮದಲ್ಲಿ ಪಂದ್ಯದ ಆಟವಾಯಿತು. ಪಳಗದ ಕುದುರೆಯ ಮೇಲೆ, ಅಥವಾ ಕೆರಳಿದ ಹೋರಿಯ ಮೇಲೆ, ಒಂದೇ ಕೈಯಿಂದ ಹಿಡಿದುಕೊಂಡು ಎಂಟು ಸೆಕೆಂಡುಗಳ ಕಾಲ ಕುಳಿತಿರಬೇಕು. ಇನ್ನೊಂದು ಕೈ ಪ್ರಾಣಿಯನ್ನಾಗಲಿ ತನ್ನ ಮೈಯನ್ನಾಗಲಿ ಮುಟ್ಟಿದರೆ ಆಟ ಕೆಟ್ಟಿತು. ಎಂಟು ಸೆಕೆಂಡು ಎಷ್ಟು ದೀರ್ಘವೆಂಬುದನ್ನು ಕುಳಿತವನೇ ಬಲ್ಲ! ೧೯೧೯ರಿಂದ ಜುಲೈ ೪ರ ಸ್ವಾತಂತ್ರ್ಯೋತ್ಸವದ ಸುಮಾರಿಗೆ ಅಲ್ಲಿ ದೊಡ್ಡ ಪಂದ್ಯ ನಡೆಯುತ್ತ ಬಂದಿದೆ. ೧೯೩೮ರಲ್ಲಿ ಆರಂಭವಾದ ರಾತ್ರಿಯ ರೋಡಿಯೋ ಬೇಸಗೆಯ ಮೂರು ತಿಂಗಳುಗಳಲ್ಲಿ ಪ್ರತಿದಿನವೂ ಜರುಗುವುದು. ಇದು ಧೈರ್ಯದ ನೋಟ; ಇದನ್ನು ನೋಡಿ ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ.

ಎರಡನೆಯದು ಊರನ್ನು ಕಟ್ಟಿದ ವ್ಯಕ್ತಿಯ ಸ್ಮರಣೆ. 'ಬಫೆಲೋ ಬಿಲ್' ಎಂದು ಲೋಕವೆಲ್ಲ ಕರೆದ ವಿಲಿಯಂ ಕೋಡಿಯು (೧೮೪೬–೧೯೧೭) ರೈಲುದಾರಿ ಹಾಕುವ ಕೆಲಸಗಾರರಿಗೆ ಮಾಂಸ ಒದಗಿಸಲು ಸಾವಿರಾರು ಕಾಡೆಮ್ಮೆಗಳನ್ನು ಕೊಂದು ಆ ಹೆಸರನ್ನು ಪಡೆದವನು. ೧೮೮೩ರಲ್ಲಿ ಅವನು ಪಶ್ಚಿಮದ ಜೀವನವನ್ನೇ ಒಂದು ಪ್ರದರ್ಶನವಾಗಿ ಮಾಡಿ ಊರೂರಿಗೆ ಕೊಂಡೊಯ್ದನು. ೧೮೮೭ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯೂ ಅದನ್ನು ನೋಡಿದಳು. ಶ್ವೇತವರ್ಣೀಯರ ಸೇನೆಯನ್ನು ಎದುರಿಸಿದ್ದ ಲಕೋಟಾ ಜನರ ನಾಯಕ ಸಿಟಿಂಗ್ ಬುಲ್‌ನು ೧೮೮೫ರಲ್ಲಿ ಕೆಲವು ತಿಂಗಳು ಇದೇ ಪ್ರದರ್ಶನದಲ್ಲಿ ಜನರ ಕಣ್ಣಿಗೆ ನೋಟದ ವಸ್ತುವಾಗಿ ನಿಂತನು. ಸೋತವರು ತಮ್ಮ ಸೋಲನ್ನೇ ಆಡಿ ತೋರಿಸಿ ಹೊಟ್ಟೆ ಹೊರೆಯಬೇಕಾದುದು ಕಾಲದ ವೈಪರೀತ್ಯವಲ್ಲದೆ ಮತ್ತೇನು? ಇಂದು ಅಲ್ಲಿ ಐದು ವಸ್ತುಸಂಗ್ರಹಾಲಯಗಳು ಒಂದೇ ಸೂರಿನಡಿಯಲ್ಲಿವೆ. ೧೯೨೭ರಲ್ಲಿ ಮರದ ದಿಮ್ಮಿಗಳ ಮನೆಯಲ್ಲಿ ಆರಂಭವಾದದ್ದು ಕೋಡಿಯ ಸ್ಮಾರಕ. ೧೯೭೯ರಲ್ಲಿ ತೆರೆದದ್ದು ಬಯಲುನಾಡಿನ ಮೂಲನಿವಾಸಿಗಳ ಸಂಗ್ರಹಾಲಯ. ಮೊದಲನೆಯದನ್ನು ನೋಡಿದವರು ಎರಡನೆಯದನ್ನು ನೋಡದೆ ಹೊರಗೆ ಬರಬಾರದು.

ಮೂರನೆಯದು ಊರಿಗೆ ಆರು ಮೈಲಿ ಪಶ್ಚಿಮದಲ್ಲಿ ಶೋಶೋನಿ ನದಿಗೆ ಕಟ್ಟಿದ ಅಣೆಕಟ್ಟು. ಬರಡು ನೆಲಕ್ಕೆ ನೀರು ತರುವುದು ಕೋಡಿಯ ಕನಸಾಗಿತ್ತು. ಅದು ಖಾಸಗಿ ಹಣದಿಂದ ಸಾಧ್ಯವಾಗದೆ ಸರ್ಕಾರದವರು ಕೈಗೊಂಡರು. ೧೯೦೫ರಲ್ಲಿ ತೊಡಗಿದ ಕೆಲಸ ೧೯೧೦ರಲ್ಲಿ ಮುಗಿದಾಗ ೩೨೫ ಅಡಿಗಳ ಆ ಕಟ್ಟೆಯು ಪ್ರಪಂಚದಲ್ಲಿಯೇ ಅತ್ಯುನ್ನತವಾಗಿತ್ತು. ೧೯೪೬ರಲ್ಲಿ ಅದಕ್ಕೆ ಬಫೆಲೋ ಬಿಲ್‌ನ ಹೆಸರಿಟ್ಟರು. ೧೯೯೩ರಲ್ಲಿ ಇನ್ನೂ ೨೫ ಅಡಿ ಏರಿಸಿದರು. ಅದೇ ದಾರಿಯಲ್ಲಿ ಮುಂದುವರಿದರೆ, ಊರಿನಿಂದ ಸುಮಾರು ೫೦ ಮೈಲಿಗಳಾಚೆ, ೧೮೭೨ರಲ್ಲಿ ಸ್ಥಾಪಿತವಾದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಪೂರ್ವದ್ವಾರ. ಕೋಟಿಗಟ್ಟಲೆಯಾಗಿದ್ದ ಕಾಡೆಮ್ಮೆಗಳು ಬೇಟೆಗೆ ಬಲಿಯಾಗಿ, ೧೯೦೨ರ ವೇಳೆಗೆ ಆ ಉದ್ಯಾನದಲ್ಲಿ ಸುಮಾರು ಎರಡು ಡಜನ್ ಮಾತ್ರ ಉಳಿದಿದ್ದವು. ಇಂದು ಅವು ಸಾವಿರಾರಾಗಿವೆ. ಕೊಂದವನ ಹೆಸರಿನ ಊರಿನಿಂದ ಹೊರಟ ದಾರಿಯೇ ಉಳಿಸಿದ ತಾಣಕ್ಕೆ ಕೊಂಡೊಯ್ಯುವುದು ನೆನಪಿಡತಕ್ಕ ಸಂಗತಿ.

ಇಷ್ಟನ್ನು ನೋಡಿದ ಯಾತ್ರಿಕನು ಎಲ್ಲವೂ ಮುಗಿಯಿತೆಂದು ತಿಳಿಯುವನು. ಆದರೆ ಉದ್ಯಾನದ ದಾರಿ ಪಶ್ಚಿಮಕ್ಕೆ. ನಾವು ಹೇಳಬೇಕೆಂದಿರುವ ಸ್ಥಳವು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ, ಈಶಾನ್ಯಕ್ಕೆ, ಸುಮಾರು ೧೩ ಮೈಲಿ ದೂರದಲ್ಲಿದೆ. ಅದರ ಹೆಸರು ಹಾರ್ಟ್ ಮೌಂಟನ್. ಅಲ್ಲಿ ಕುದುರೆಯಿಲ್ಲ, ಹೋರಿಯಿಲ್ಲ. ಹಳೆಯ ಆಸ್ಪತ್ರೆಯ ಇಟ್ಟಿಗೆಯ ಚಿಮಣಿಯೊಂದು ಬಯಲಿನಲ್ಲಿ ನಿಂತಿದೆ.

ಜಪಾನಿನೊಡನೆ ಯುದ್ಧ ಆರಂಭವಾದ ಮೇಲೆ, ೧೯೪೨ರ ಫೆಬ್ರವರಿ ೧೯ರಂದು ಅಧ್ಯಕ್ಷ ರೂಸ್‌ವೆಲ್ಟರು ಹೊರಡಿಸಿದ ಆಜ್ಞೆಯ ಬಲದಿಂದ, ಪೆಸಿಫಿಕ್ ಕರಾವಳಿಯಲ್ಲಿದ್ದ ಜಪಾನೀ ವಂಶದವರನ್ನು ಮನೆಮಾರು ಬಿಡಿಸಿ ಒಳನಾಡಿನ ಶಿಬಿರಗಳಿಗೆ ಸಾಗಿಸಿದರು. ಒಟ್ಟು ಸುಮಾರು ೧,೨೦,೦೦೦ ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕಾದಲ್ಲಿಯೇ ಹುಟ್ಟಿದ ಪೌರರು. ಆರೋಪವಿಲ್ಲ, ವಿಚಾರಣೆಯಿಲ್ಲ, ವಂಶವೇ ಅಪರಾಧ. ಆ ವರ್ಷದ ಆಗಸ್ಟಿನಲ್ಲಿ ತೆರೆದ ಹಾರ್ಟ್ ಮೌಂಟನ್ ಶಿಬಿರದಲ್ಲಿ ಒಂದು ಕಾಲಕ್ಕೆ ೧೦,೭೬೭ ಜನರಿದ್ದರು. ಜನಸಂಖ್ಯೆಯಲ್ಲಿ ಅದು ವಯೋಮಿಂಗಿನ ಮೂರನೆಯ ಪಟ್ಟಣವಾಯಿತು. ಆದರೆ ಸುತ್ತ ಮುಳ್ಳುತಂತಿಯೂ ಕಾವಲುಗೋಪುರಗಳೂ ಇದ್ದ ಪಟ್ಟಣ! ಅಲ್ಲಿಂದ ನೂರಾರು ತರುಣರು ಸೇನೆ ಸೇರಿದರು. ನಮ್ಮ ಹಕ್ಕನ್ನು ಮೊದಲು ಹಿಂದಿರುಗಿಸಿರಿ, ಆಮೇಲೆ ಸೈನ್ಯಕ್ಕೆ ಕರೆಯಿರಿ ಎಂದ ೬೩ ಜನರಿಗೆ ೧೯೪೪ರಲ್ಲಿ ಸೆರೆವಾಸದ ಶಿಕ್ಷೆಯಾಯಿತು. ೧೯೪೭ರಲ್ಲಿ ಅಧ್ಯಕ್ಷ ಟ್ರೂಮನ್ನರು ಅವರಿಗೆ ಕ್ಷಮೆಯಿತ್ತರು.

ಅಣೆಕಟ್ಟಿಗೂ ಈ ಶಿಬಿರಕ್ಕೂ ಸಂಬಂಧವಿದೆಯೆಂಬುದನ್ನು ವಾಚಕರು ಲಕ್ಷಿಸಬೇಕು. ಶೋಶೋನಿಯ ನೀರನ್ನು ಈ ಬಯಲಿಗೆ ತರುವ ಕಾಲುವೆಯ ಕೆಲಸದಲ್ಲಿ ಬಂದಿಗಳೇ ದುಡಿದರು. ಬರಡು ನೆಲವನ್ನು ಹದಮಾಡಿ ತರಕಾರಿ ಬೆಳೆದರು. ಆದರೆ ೧೯೪೩ರಲ್ಲಿ ವಯೋಮಿಂಗಿನ ಶಾಸನಸಭೆಯು, ಪೌರತ್ವಕ್ಕೆ ಅನರ್ಹರೆನಿಸಿದ ಏಷ್ಯಾದವರು ಭೂಮಿ ಹೊಂದದಂತೆ ಕಾನೂನು ಮಾಡಿತು. ೧೯೨೩ರ ಒಂದು ತೀರ್ಪಿನಿಂದ ೧೯೪೬ರವರೆಗೆ ಭಾರತೀಯರೂ ಅದೇ ಅನರ್ಹರ ಪಟ್ಟಿಯಲ್ಲಿದ್ದುದನ್ನು ನಾವು ಮರೆಯಲಾಗದು. ಯುದ್ಧಾನಂತರ ಆ ನೆಲವನ್ನು ಯುದ್ಧದಿಂದ ಮರಳಿದ ಯೋಧರಿಗೆ ಹಂಚಿದರು. ಶಿಬಿರದ ಬಿಡಾರಗಳು ಅತ್ಯಲ್ಪ ಬೆಲೆಗೆ ಅವರ ಮನೆಗಳಾದವು. ಆ ಕಾನೂನು ರದ್ದಾದದ್ದು ೨೦೦೧ರಲ್ಲಿ.

ಈ ಕತ್ತಲೆಯಲ್ಲಿ ಒಂದು ಸಣ್ಣ ದೀಪವೂ ಹೊತ್ತಿತು. ಕೋಡಿ ಪಟ್ಟಣದ ಬಾಲಚರರನ್ನು ಅವರ ನಾಯಕನು ಒಮ್ಮೆ ಶಿಬಿರದೊಳಗಿನ ಬಾಲಚರರ ಬಳಿಗೆ ಕರೆದೊಯ್ದನು. ಹೊರಗಿನಿಂದ ಬಂದ ಆಲನ್ ಸಿಂಪ್ಸನ್, ಒಳಗಿದ್ದ ನಾರ್ಮನ್ ಮಿನೆಟಾ ಎಂಬ ಬಾಲಕರಿಬ್ಬರು ಒಂದೇ ಗುಡಾರವನ್ನು ಹಂಚಿಕೊಂಡು ಗೆಳೆಯರಾದರು. ಮುಂದೆ ಒಬ್ಬರು ಸೆನೆಟರಾದರು, ಮತ್ತೊಬ್ಬರು ಪ್ರತಿನಿಧಿ ಸಭೆಯ ಸದಸ್ಯರೂ ಮಂತ್ರಿಯೂ ಆದರು. ಪಕ್ಷಗಳು ಬೇರೆಯಾದರೂ ಸ್ನೇಹ ಕೆಡಲಿಲ್ಲ. ಸರ್ಕಾರವು ತಪ್ಪೊಪ್ಪಿಕೊಂಡು, ಬದುಕಿದ್ದ ಪ್ರತಿಯೊಬ್ಬ ಬಂದಿಗೆ ೨೦,೦೦೦ ಡಾಲರು ಕೊಡುವಂತೆ ೧೯೮೮ರಲ್ಲಿ ಆದ ಶಾಸನಕ್ಕಾಗಿ ಮಿನೆಟಾ ಮುಂದೆ ನಿಂತು ದುಡಿದರು. ಅವರು ೨೦೨೨ರಲ್ಲಿ, ಸಿಂಪ್ಸನ್ ೨೦೨೫ರಲ್ಲಿ ಕಾಲವಾದರು. ಶಿಬಿರದ ನೆಲದಲ್ಲಿ ೨೦೧೧ರಿಂದ ಅದರ ಕಥೆಯನ್ನು ಹೇಳುವ ಸಂಗ್ರಹಾಲಯವೊಂದು ನಡೆಯುತ್ತಿದೆ.

ತನ್ನ ಪರಾಕ್ರಮವನ್ನು ತೋರಿಸದ ಊರಿಲ್ಲ. ಅದಕ್ಕೆ ಡಂಗುರವೊಂದಿದ್ದರೆ ಸಾಕು. ತನ್ನ ನೆಲದಲ್ಲಿ ನಡೆದ ಅನ್ಯಾಯವನ್ನು ಬಾಗಿಲು ತೆರೆದು, ದೀಪ ಹಚ್ಚಿ, ಅಪರಿಚಿತರಿಗೆ ತೋರಿಸುವುದಕ್ಕೆ ಬೇರೊಂದು ಬಗೆಯ ಧೈರ್ಯ ಬೇಕು. ಹೋರಿಯ ಮೇಲಿನ ಧೈರ್ಯ ಎಂಟು ಸೆಕೆಂಡಿನದು, ಇದು ತಲೆಮಾರುಗಳದು. ಆದುದರಿಂದ ಕೋಡಿಗೆ ಹೋಗುವ ನಮ್ಮವರಿಗೆ ನಮ್ಮ ಸೂಚನೆಯಿಷ್ಟೆ: ರಾತ್ರಿ ರೋಡಿಯೋವನ್ನು ನೋಡಿರಿ, ಬೆಳಗಾದ ಮೇಲೆ, ಪಶ್ಚಿಮಕ್ಕೆ ತಿರುಗುವ ಮುನ್ನ, ಆ ೧೩ ಮೈಲಿ ಹೋಗಿ ಬನ್ನಿರಿ.