ಕೂರಲು ಸೋಫಾ ಇದೆ, ಓದಲು ಜಾಗ ಇದೆಯೇ?

ಬೈರಸಂದ್ರ, ತಾವರೆಕೆರೆ, ಮಡಿವಾಳ. ಈ ಮೂರು ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳು ಸೇರಿ ಬಿ.ಟಿ.ಎಂ. ಲೇಔಟ್ ಆಯಿತು. ಪೇಯಿಂಗ್ ಗೆಸ್ಟ್ ಬೋರ್ಡು ನೇತಾಡದ ಬೀದಿ ಇಂದು ಅಲ್ಲಿ ಅಪರೂಪ. ಒಂದು ಕೋಣೆ, ಮೂರು ಮಂಚ, ಇದ್ದರೆ ಒಂದು ಮೇಜು. ಪರೀಕ್ಷೆ ಹತ್ತಿರ ಬಂದರೆ ಓದುವುದೆಲ್ಲಿ? ಊರಿನಿಂದ ತಂದೆ ತಾಯಿ ಬಂದರೆ ಕೂರಿಸುವುದೆಲ್ಲಿ? ದೊಡ್ಡ ಹೋಟೆಲುಗಳ ಲಾಬಿಯ ಮೇಲೆ ಕಣ್ಣು ಬೀಳುವುದು ಹೀಗೆ.

ನಮ್ಮಲ್ಲಿ ಹೋಟೆಲು ಎಂದರೆ ಮೊದಲು ನೆನಪಾಗುವುದು ದೋಸೆ, ಕಾಫಿ. ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನಕ್ಕೆ ಆ ಹೆಸರು ಬಂದದ್ದೇ ಸುತ್ತಲಿನ ವಿದ್ಯಾರ್ಥಿಗಳಿಂದ. ಹಳೆಯ ಉಡುಪಿ ಹೋಟೆಲುಗಳಲ್ಲಿ ಸಂಸಾರ ಸಮೇತ ಬಂದವರಿಗೆ 'ಫ್ಯಾಮಿಲಿ ರೂಂ' ಇರುತ್ತಿತ್ತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಕಾಫಿ ಅಗ್ಗವಾಗಿ ಸಿಕ್ಕಿತು, ಕುರ್ಚಿ ಮಾಯವಾಯಿತು. ಕುರ್ಚಿ ಉಳಿಸಿಕೊಂಡ ಕೆಲವು ಕಡೆ 'ಹೆಚ್ಚು ಹೊತ್ತು ಕೂರಬೇಡಿ' ಎಂಬ ಫಲಕವಿದೆ. ಮಾಲೀಕರನ್ನು ದೂರುವಂತಿಲ್ಲ, ಜಾಗದ ಬಾಡಿಗೆ ಕಟ್ಟುವವರು ಅವರು.

ಹಾಗಾದರೆ ಲಾಬಿ ಒಳ್ಳೆಯದೇ? ಮೊದಲು ಕಿವಿಯಿಂದ ಪರೀಕ್ಷಿಸಬೇಕು. ಅಮೃತಶಿಲೆಯ ನೆಲ, ಗಾಜಿನ ಗೋಡೆ, ಎತ್ತರದ ಚಾವಣಿ ಕಣ್ಣಿಗೆ ಹಬ್ಬ. ಆದರೆ ಗಟ್ಟಿಯಾದ ನುಣುಪು ಮೈ ಶಬ್ದವನ್ನು ಹೀರದೆ ಹಿಂದಕ್ಕೆ ತಳ್ಳುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಉಳಿಯುತ್ತಿತ್ತು. ಒಂದು ಪದ ಅಡಗುವ ಮೊದಲೇ ಹತ್ತು ಪದಗಳು ಬಂದು ಕಲಸುಮೇಲೋಗರ! 1895ರಲ್ಲಿ ಇದನ್ನು ಸರಿಪಡಿಸುವ ಕೆಲಸ ವಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕನ ಪಾಲಿಗೆ ಬಂತು. ಆತ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಆಸನದ ದಿಂಬುಗಳನ್ನು ಹೊತ್ತು ತಂದು, ಹಾಸಿ, ಆರ್ಗನ್ ಕೊಳವೆ ಊದಿ, ಶಬ್ದ ಎಷ್ಟು ಹೊತ್ತು ನಿಲ್ಲುತ್ತದೆಂದು ಅಳೆದ. ದಿಂಬು ಹೆಚ್ಚಿದಂತೆ ಅನುರಣನದ ಅವಧಿ ಕಡಿಮೆಯಾಯಿತು. ಬೆಳಗಾಗುವಷ್ಟರಲ್ಲಿ ದಿಂಬುಗಳೆಲ್ಲ ಸ್ವಸ್ಥಾನಕ್ಕೆ ಹೋಗಬೇಕಿತ್ತು, ಪಾಪ.

ಆದ್ದರಿಂದ ಜಮಖಾನ, ದಪ್ಪ ಪರದೆ, ಮೆತ್ತೆಯ ಆಸನಗಳಿರುವ ಲಾಬಿಯೇ ಮಾತುಕತೆಗೆ ಲೇಸು. ಹೊಳೆಯುವ ಲಾಬಿಯಲ್ಲಿ ಪಕ್ಕದವರ ಫೋನಿನ ವ್ಯವಹಾರವೂ ನಿಮ್ಮ ರಸಾಯನಶಾಸ್ತ್ರದೊಳಗೆ ಸೇರಿಕೊಳ್ಳುತ್ತದೆ.

ಬೆಳಕಿನದು ಇನ್ನೊಂದು ಕಥೆ. ಓದು ಬರಹಕ್ಕೆ 300ರಿಂದ 500 ಲಕ್ಸ್ ಬೆಳಕು ಬೇಕು. ಲಾಬಿಯ ಹಳದಿ ದೀಪಗಳು ಇರುವುದು ಅಂದಕ್ಕೆ. ನಿಘಂಟಿನ ಸಣ್ಣ ಅಕ್ಷರ ಸಲೀಸಾಗಿ ಕಾಣದಿದ್ದರೆ ಪುಸ್ತಕ ಮುಚ್ಚಿ. ಬರೆಯುವ ಮೇಜು ಸುಮಾರು 75 ಸೆಂಟಿಮೀಟರ್ ಎತ್ತರ ಇರಬೇಕು. ಟೀಪಾಯಿ ಅದಕ್ಕಿಂತ ತೀರ ತಗ್ಗು. ಅರ್ಧ ಗಂಟೆ ಬಗ್ಗಿ ಲೆಕ್ಕ ಮಾಡಿದರೆ ಬೆನ್ನು ತಾನೇ ಉತ್ತರ ಹೇಳುತ್ತದೆ.

ಅಜ್ಜಿಯನ್ನು ಕರೆತಂದಿದ್ದರೆ ಸೋಫಾದ ಎತ್ತರ ನೋಡಿ. ಏಳುವಾಗ ದೇಹದ ಗುರುತ್ವ ಕೇಂದ್ರ ಪಾದಗಳ ಮೇಲಕ್ಕೆ ಬರಬೇಕು. ಆಸನ ಮಂಡಿಗಿಂತ ತಗ್ಗಿದ್ದಷ್ಟೂ ಮುಂದಕ್ಕೆ ಬಾಗಬೇಕು, ಮಂಡಿಯ ಮೇಲೆ ಭಾರವೂ ಹೆಚ್ಚು. ಕೈಯಿರುವ ಗಟ್ಟಿ ಕುರ್ಚಿ ಕೇಳಿ ಪಡೆಯುವುದರಲ್ಲಿ ಸಂಕೋಚವೇನೂ ಬೇಡ.

ಅಂದಹಾಗೆ, ಲಾಬಿ ಸಾರ್ವಜನಿಕ ಸ್ಥಳವಲ್ಲ. ಸ್ವಾಗತಕಾರರಲ್ಲಿ ಅನುಮತಿ ಕೇಳಿ, ಕಾಫಿಯ ಬೆಲೆ ಮೊದಲೇ ವಿಚಾರಿಸಿ. ಓದಿಗಾದರೆ ಹತ್ತಿರದ ಸಾರ್ವಜನಿಕ ಗ್ರಂಥಾಲಯವೇ ಮೇಲು. ಅಪ್ಪ ಅಮ್ಮನೊಡನೆ ಮಾತು ಮುಗಿಯದಿದ್ದರೆ ಮಡಿವಾಳ ಕೆರೆಯ ದಂಡೆಯಿದೆ; ಬಾಗಿಲು ತೆರೆಯುವ ಸಮಯ ತಿಳಿದುಕೊಂಡು ಹೋಗಬೇಕು, ಅಷ್ಟೆ.