ಅಡುಗೆಮನೆಯಲ್ಲಿ ಅಗ್ನಿ

ನೀರು ಬೆಂಕಿಯನ್ನು ಆರಿಸುತ್ತದೆಂಬುದನ್ನು ನಾವೆಲ್ಲರೂ ಬಾಲ್ಯದಿಂದಲೇ ಬಲ್ಲೆವು. ಈ ತಿಳಿವಳಿಕೆ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಅರ್ಧ ತಿಳಿವಳಿಕೆಯಿಂದ ಎಂತಹ ಅನರ್ಥವೊದಗುವುದೆಂಬುದಕ್ಕೆ ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದು ಸಾಕ್ಷಿಯಾಗಿದೆ.

2012ರಲ್ಲಿ ನಾನು ಭೌತಶಾಸ್ತ್ರದ ಎಂ.ಎಸ್‌ಸಿ. ತರಗತಿಯ ವಿದ್ಯಾರ್ಥಿಯಾಗಿದ್ದೆ. ಗೋಕುಲಾಷ್ಟಮಿಯ ಹಿಂದಿನ ದಿನ ನಮ್ಮ ತಾಯಿಯವರು ಚಕ್ಕುಲಿ ಕರಿಯಲೆಂದು ಬಾಣಲೆಯಲ್ಲಿ ಎಣ್ಣೆಯನ್ನು ಕಾಯಲಿಟ್ಟು, ಯಾರೋ ಕರೆದರೆಂದು ಬಾಗಿಲಿಗೆ ಹೋದರು. ಮಾತು ಬೆಳೆಯಿತು. ಎಣ್ಣೆ ಮೊದಲು ಹೊಗೆಯಾಡಿತು, ಬಳಿಕ ಹೊತ್ತಿಕೊಂಡಿತು. ಓದುತ್ತ ಕುಳಿತಿದ್ದ ನಾನು ಓಡಿಬಂದು, ಕೈಗೆ ಸಿಕ್ಕಿದ ಚೆಂಬಿನ ನೀರನ್ನು ಅದರ ಮೇಲೆ ಸುರಿದುಬಿಟ್ಟೆ. ಮರುಕ್ಷಣವೇ ಉರಿಯ ಕಂಬವೊಂದು ಭೋರ್ಗರೆದು ಛಾವಣಿಯನ್ನು ಮುಟ್ಟಿತು. ನನ್ನ ಹುಬ್ಬುಗಳು ಸುಟ್ಟವು. ನನ್ನನ್ನು ಹಿಂದಕ್ಕೆಳೆಯಲು ಕೈಚಾಚಿದ ತಾಯಿಯವರ ಮುಂಗೈಯ ಮೇಲೆ ಕಾದ ಎಣ್ಣೆ ಸಿಡಿಯಿತು. ನೀರಾವಿಯ ಗುಪ್ತೋಷ್ಣವೆಷ್ಟೆಂದು ನಿದ್ದೆಯಿಂದೆಬ್ಬಿಸಿ ಕೇಳಿದ್ದರೂ ಹೇಳಬಲ್ಲವನಾಗಿದ್ದೆ. ಆ ವಿದ್ಯೆಗೂ ಒಲೆಯ ಮೇಲಿನ ಬಾಣಲೆಗೂ ನಂಟಿದೆಯೆಂಬುದು ಮಾತ್ರ ಹೊಳೆದಿರಲಿಲ್ಲ.

ನಡೆದುದೇನೆಂಬುದನ್ನು ವಿಚಾರಿಸೋಣ. ಉರಿಯುವುದು ಎಣ್ಣೆಯಲ್ಲ, ಎಣ್ಣೆಯ ಆವಿ. ಮೈಕೇಲ್ ಫ್ಯಾರಡೆಯು 1860ರ ಕ್ರಿಸ್‌ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಬಾಲಕರಿಗಾಗಿ ಮೇಣದ ಬತ್ತಿಯನ್ನು ಕುರಿತು ಪ್ರಾರಂಭಿಸಿದ ಉಪನ್ಯಾಸಮಾಲೆಯಲ್ಲಿ ಈ ತತ್ತ್ವವನ್ನು ಸೊಗಸಾಗಿ ತೋರಿಸಿದನು. ಜ್ವಾಲೆಯ ನಡುವಿನ ಕಪ್ಪು ಭಾಗಕ್ಕೆ ಗಾಜಿನ ನಳಿಗೆಯೊಂದನ್ನು ಚಾಚಿ, ಅದರ ಮತ್ತೊಂದು ತುದಿಯಲ್ಲಿ ಹೊರಬರುವ ಮೇಣದ ಆವಿಯನ್ನು ಹೊತ್ತಿಸಿದರೆ ಅಲ್ಲಿಯೂ ಒಂದು ಪುಟ್ಟ ಜ್ವಾಲೆ ಮೂಡುತ್ತದೆ. ಬಾಣಲೆಯಲ್ಲಿಯೂ ಹೀಗೆಯೇ. ಚಕ್ಕುಲಿ ಕರಿಯಲು ಹದವಾದ ಎಣ್ಣೆಯ ಉಷ್ಣತೆ ಸುಮಾರು 180 ಡಿಗ್ರಿ ಸೆಲ್ಸಿಯಸ್. ತಾನಾಗಿ ಹೊತ್ತಿಕೊಳ್ಳುವ ವೇಳೆಗೆ ಅದು 300 ಡಿಗ್ರಿಯನ್ನು ದಾಟಿರುತ್ತದೆ. ನೀರು ಎಣ್ಣೆಗಿಂತ ಸಾಂದ್ರವಾದುದರಿಂದ ಮೇಲೆ ನಿಲ್ಲದೆ ಮುಳುಗುತ್ತದೆ. ಮುಳುಗಿದ ನೀರು ತತ್‌ಕ್ಷಣ ಆವಿಯಾಗಿ, ತನ್ನ ಗಾತ್ರದ ಸುಮಾರು 1,700 ಪಾಲಿನಷ್ಟು ಹಿಗ್ಗುತ್ತದೆ. ಅಡಿಯಲ್ಲಿ ಹಿಗ್ಗಿದ ಆವಿ ಮೇಲಿರುವ ಎಣ್ಣೆಯನ್ನು ಲಕ್ಷಾಂತರ ಹನಿಗಳನ್ನಾಗಿ ಒಡೆದು ಮೇಲಕ್ಕೆಸೆಯುತ್ತದೆ. ಅಲ್ಲಿಯವರೆಗೆ ಬಾಣಲೆಯ ಬಾಯಿಯಷ್ಟಗಲದಲ್ಲಿ ಮಾತ್ರ ಗಾಳಿಯನ್ನು ಸೋಂಕುತ್ತಿದ್ದ ಎಣ್ಣೆಗೆ ಈಗ ಎಲ್ಲ ಕಡೆಯಿಂದಲೂ ಆಮ್ಲಜನಕ! ಆರಿಸಹೋದವನೇ ಬೆಂಕಿಗೆ ರೆಕ್ಕೆ ಕಟ್ಟಿಕೊಟ್ಟಂತಾಯಿತು.

ಮಾಡಬೇಕಾಗಿದ್ದುದು ಬಹಳ ಸುಲಭದ ಕೆಲಸ. ಒಲೆಯನ್ನು ಆರಿಸಿ, ಚಪ್ಪಟೆಯಾದ ಲೋಹದ ತಟ್ಟೆಯೊಂದನ್ನು ಬಾಣಲೆಯ ಮೇಲೆ ಬದಿಯಿಂದ ಸರಿಸಿ ಮುಚ್ಚಿದರೆ ಸಾಕು. ಗಾಳಿಯಿಲ್ಲದೆ ಉರಿ ನಂದುತ್ತದೆ. ಆದರೆ ಕೂಡಲೇ ತಟ್ಟೆ ತೆಗೆದು ಇಣುಕಿ ನೋಡಬಾರದು. ಎಣ್ಣೆಯಿನ್ನೂ ಆರಿರುವುದಿಲ್ಲ, ಗಾಳಿ ಒಳಹೊಕ್ಕೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ಉರಿಯುವ ಬಾಣಲೆಯನ್ನು ಹೊರಗೆ ಹೊತ್ತೊಯ್ಯುವ ಸಾಹಸವಂತೂ ಕೂಡದು.

ಅಡುಗೆ ಅನಿಲದ ಸ್ವಭಾವ ಬೇರೆ. ಸಿಲಿಂಡರಿನಲ್ಲಿ ಒತ್ತಡದಿಂದ ದ್ರವರೂಪದಲ್ಲಿರುವ ಪ್ರೋಪೇನ್ ಮತ್ತು ಬ್ಯುಟೇನ್‌ಗಳು ಹೊರಬಂದಾಗ ಸುಮಾರು 250 ಪಾಲು ಹಿಗ್ಗುತ್ತವೆ. ಪ್ರೋಪೇನ್ ಗಾಳಿಗಿಂತ ಒಂದೂವರೆ ಪಾಲು, ಬ್ಯುಟೇನ್ ಎರಡು ಪಾಲು ಭಾರ. ಆದುದರಿಂದ ಸೋರಿದ ಅನಿಲ ನೆಲದ ಮೇಲೆ ನೀರಿನಂತೆ ಹರಿದು, ಕಣ್ಣಿಗೆ ಕಾಣದೆ ಮೂಲೆಗಳಲ್ಲಿ ಮಡುಗಟ್ಟುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ. ನಾವು ಮೂಸುವ ದುರ್ಗಂಧ ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತದ್ದು. ಇಂತಹ ಎಚ್ಚರಿಕೆಯಿಲ್ಲದಿದ್ದರೆ ಏನಾಗುವುದೆಂಬುದನ್ನು 1937ರ ಮಾರ್ಚ್ 18ರಂದು ಜಗತ್ತು ಕಂಡಿತು. ಅಂದು ಅಮೆರಿಕದ ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬಲ್ಲಿ, ಶಾಲೆಯೊಂದರ ನೆಲದಡಿಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಯಾರಿಗೂ ತಿಳಿಯದೆ ತುಂಬಿಕೊಂಡಿತ್ತು. ವಿದ್ಯುದ್ಯಂತ್ರವೊಂದರ ಕಿಡಿ ಅದಕ್ಕೆ ತಾಗಿ, 290ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಮಂದಿ ನಿಮ್ಮಂತಹ ವಿದ್ಯಾರ್ಥಿಗಳೇ. ಅನಿಲಕ್ಕೆ ವಾಸನೆ ಬೆರೆಸಬೇಕೆಂಬ ಕಾನೂನು ಆ ಪ್ರಾಂತದಲ್ಲಿ ಬಂದುದು ಇದರ ಅನಂತರ.

ಸ್ವಿಚ್ಚಿನೊಳಗೆ ಲೋಹದ ತುದಿಗಳು ಕೂಡುವಾಗಲೂ ಅಗಲುವಾಗಲೂ ಕಿಡಿ ಹಾರುತ್ತದೆ. ವಾಸನೆ ಬಂದಾಗ ದೀಪ ಹಾಕುವುದೂ ತಪ್ಪು, ಹಾಕಿದ್ದ ದೀಪವನ್ನು ಆರಿಸುವುದೂ ತಪ್ಪು, ಗಾಳಿಯನ್ನು ಹೊರದಬ್ಬುವ ಫ್ಯಾನನ್ನು ತಿರುಗಿಸುವುದಂತೂ ದೊಡ್ಡ ತಪ್ಪು. ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಗೆ ಬಂದ ಮೇಲೆ 1906ಕ್ಕೆ ದೂರವಾಣಿ ಮಾಡಬೇಕು.

ಸುಟ್ಟ ಗಾಯಗಳಿಗೆ ಬೆಂಕಿಯೇ ಬೇಕೆಂದಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳವನ್ನೇ ನೋಡಿ. 100 ಡಿಗ್ರಿಯ ಒಂದು ಗ್ರಾಂ ನೀರು ಚರ್ಮದ ಉಷ್ಣತೆಗೆ ಇಳಿಯುವಾಗ ಸುಮಾರು 65 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ಅದೇ ಉಷ್ಣತೆಯ ಒಂದು ಗ್ರಾಂ ಆವಿಯಾದರೋ, ನೀರಾಗುವಾಗಲೇ 540 ಕ್ಯಾಲೊರಿಯನ್ನು ಕೊಟ್ಟು, ಅನಂತರ ಆ 65ನ್ನೂ ಕೊಡುತ್ತದೆ. ಆದುದರಿಂದ ಮುಚ್ಚಳವನ್ನು ನಿಮ್ಮ ಕಡೆಯ ಅಂಚು ಕೆಳಗಿರುವಂತೆ, ಆವಿ ಆಚೆಗೆ ಹೋಗುವಂತೆ ಓರೆಯಾಗಿ ಎತ್ತಬೇಕು. ಸ್ನಾನದ ನೀರಿನಲ್ಲಿಯೂ ಇಂತಹುದೇ ಅಪಾಯವಿದೆ. 44 ಡಿಗ್ರಿಯ ನೀರು ಚರ್ಮವನ್ನು ಸುಡಲು ಸುಮಾರು ಆರು ಗಂಟೆ ಬೇಕು. 60 ಡಿಗ್ರಿಯ ನೀರಿಗೆ ಐದು ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳುವಾದುದರಿಂದ ಅಷ್ಟೂ ಬೇಡ. ಬಕೆಟ್ಟಿಗೆ ತಣ್ಣೀರನ್ನು ಮೊದಲು ಹಾಕಿ, ಹಂಡೆಯ ಬಿಸಿನೀರನ್ನು ಆಮೇಲೆ ಬೆರೆಸುವುದು ಲೇಸು.

ಅಂದು ತಾಯಿಯವರ ಕೈಗೆ ನೆರೆಯವರು ಹಲ್ಲುಜ್ಜುವ ಪೇಸ್ಟನ್ನು ಮೆತ್ತಿದರು. ಸದುದ್ದೇಶದಿಂದಲೇ ಮಾಡಿದರು, ನಾನೂ ತಡೆಯಲಿಲ್ಲ. ಒಲೆಯಿಂದ ದೂರ ಸರಿದರೂ ಚರ್ಮದೊಳಗೆ ಹೊಕ್ಕ ಶಾಖ ಸುಮ್ಮನಿರುವುದಿಲ್ಲ, ಆಳಕ್ಕಿಳಿಯುತ್ತಲೇ ಇರುತ್ತದೆ. ಅದನ್ನು ಹೊರಕ್ಕೆಳೆಯಬೇಕಾದರೆ ನಲ್ಲಿಯ ತಣ್ಣೀರು 20 ನಿಮಿಷ ಗಾಯದ ಮೇಲೆ ಹರಿಯಬೇಕು. ಮಂಜುಗಡ್ಡೆ ಬೇಡ, ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಹೆಚ್ಚಿಸುತ್ತದೆ. ಶಾಯಿ, ಅರಿಸಿನ, ಬೆಣ್ಣೆ ಯಾವುದೂ ಬೇಡ. ಊತವೇರುವ ಮುನ್ನ ಬಳೆ ಉಂಗುರಗಳನ್ನು ಕಳಚಬೇಕು. ಅಂಟಿದ ಬಟ್ಟೆಯನ್ನು ಕೀಳಬಾರದು. ಬೊಬ್ಬೆಗಳನ್ನು ಒಡೆಯದೆ, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರಲ್ಲಿಗೆ ಒಯ್ಯಬೇಕು.

ಉಟ್ಟ ಬಟ್ಟೆಗೇ ಬೆಂಕಿ ಹತ್ತಿದಾಗ ಓಡುವುದು ಸಹಜ. ಆದರೆ ಓಟ ಬೆಂಕಿಗೆ ಗಾಳಿ ಹಾಕುತ್ತದೆ, ಮೇಲೇರುವ ಜ್ವಾಲೆ ಮುಖವನ್ನು ಮುಟ್ಟುತ್ತದೆ. ನೆಲಕ್ಕೆ ಮಲಗಿ ಉರುಳಬೇಕು. ಹತ್ತಿರದಲ್ಲಿರುವವರು ದಪ್ಪ ಕಂಬಳಿಯನ್ನು ಹೊದಿಸಬಹುದು. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ನೈಲಾನ್, ಪಾಲಿಯೆಸ್ಟರ್‌ಗಳಾದರೋ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಕರಿಯಲು ನಿಲ್ಲುವವರಿಗೆ ಬಿಗಿಯಾಗಿ ಸಿಕ್ಕಿಸಿದ ಹತ್ತಿಯ ಬಟ್ಟೆಯೇ ಮೇಲು.

ತಾಯಿಯವರ ಮುಂಗೈಯಲ್ಲಿ ರೂಪಾಯಿಯಗಲದ ಬಿಳಿಯ ಕಲೆಯೊಂದು ಇಂದಿಗೂ ಉಳಿದಿದೆ. ಈಗ ನಮ್ಮ ಒಲೆಯ ಪಕ್ಕದ ಮೊಳೆಯಲ್ಲಿ ಹಳೆಯ ಹಿತ್ತಾಳೆಯ ತಟ್ಟೆಯೊಂದು ತೂಗುತ್ತಿರುತ್ತದೆ. ಹಬ್ಬದ ಹಿಂದಿನ ದಿನ ಅದನ್ನು ಇಳಿಸಿ ಕೈಗೆಟಕುವಂತೆ ಇಟ್ಟುಕೊಂಡ ಬಳಿಕವೇ ಅವರು ಬಾಣಲೆಗೆ ಎಣ್ಣೆ ಸುರಿಯುತ್ತಾರೆ.